ಕೀಪ್ಯಾಡ್ ಫೋನಲ್ಲಿ ವಿಜ್ಞಾನ ಶಿಬಿರ: ತೀರ್ಥಹಳ್ಳಿ ಕಡೆ ನಾವು ಮಾಡಿದ್ದು ಹೀಗೆ

"ಮಕ್ಕಳ ಮುಖ ಕಾಣಲ್ಲ, ಬೋರ್ಡಿಲ್ಲ, ಬರೀ ಫೋನಲ್ಲಿ ಮಾತಾಡ್ಕಂಡು ವಿಜ್ಞಾನ ಹೇಳ್ಕೊಡ್ತೀರಾ?" ಅಂತ 2021ರ ಮೇ ತಿಂಗಳಲ್ಲಿ ನನ್ನ ಕೇಳಿದವರು ಒಬ್ರಿಬ್ರಲ್ಲ. ಹೇಳ್ಕೊಟ್ವಿ. 44 ಮಕ್ಕಳು, 9 ಜನ ವಾಲಂಟಿಯರ್ಸ್, ಐದು ವಾರ. ಕೊನೇ ವಾರದಲ್ಲೂ ಮೂವತ್ತೆಂಟೋ ನಲವತ್ತೋ ಮಕ್ಕಳು ಫೋನ್ ಎತ್ತಿದ್ರು. ಆನ್‌ಲೈನ್ ಶಿಬಿರ ನಡೆಸಿದವರಿಗೆ ಈ ನಂಬರಿನ ಬೆಲೆ ಗೊತ್ತಿರತ್ತೆ, ಮೂರನೇ ದಿನಕ್ಕೇ ಅರ್ಧ ಮಕ್ಕಳು ಮಾಯ ಆಗೋದನ್ನ ಎಲ್ರೂ ನೋಡಿದೀವಿ. ಸುಮಾರು ಜನ ಹೆಂಗೆ ಮಾಡಿದ್ರಿ ಅಂತ ಕೇಳ್ತಾನೇ ಇದಾರೆ, ಅದಕ್ಕೆ ಬರೀತಿದೀನಿ.

ಮೊದ್ಲು ಸೋತಿದ್ದು ಹೇಳ್ತೀನಿ, ಯಾಕಂದ್ರೆ ಕಲ್ತಿದ್ದೆಲ್ಲ ಅಲ್ಲೇ.

2020ರ ಲಾಕ್‌ಡೌನಲ್ಲಿ ನಾನು ಡಿಗ್ರಿ ಕೊನೇ ವರ್ಷ, ಊರಿಗೆ ಬಂದು ಕೂತಿದ್ದೆ. ಬೆಂಗಳೂರಲ್ಲಿ ಓದೋ ನಮ್ಮ ಕಡೆ ಹುಡುಗ್ರು ಹುಡುಗೀರೂ ಎಲ್ಲ ವಾಪಸ್ ಬಂದಿದ್ರು. ಒಂದು ವಾಟ್ಸಾಪ್ ಗ್ರೂಪ್ ಮಾಡಿ ಆರರಿಂದ ಒಂಬತ್ತನೇ ಕ್ಲಾಸಿನ ಮಕ್ಕಳಿಗೆ ದಿನಾ ಒಂದು ಪ್ರಯೋಗದ ವಿಡಿಯೋ ಹಾಕಣ ಅಂತ ಶುರು ಮಾಡಿದ್ವಿ. ಹೆಸರು ಕೊಟ್ಟಿದ್ದು ನಲವತ್ತು ಮಕ್ಕಳು. ಹದಿನೆಂಟು ಜನಕ್ಕೆ ನಾವೇ ಡೇಟಾ ಹಾಕ್ಸಿದ್ವಿ, ಮೂರೂವರೆ ಸಾವಿರ ಚಿಲ್ರೆ ಹೋಯ್ತು, ಎಲ್ಲ ಕೈಯಿಂದ. ಎರಡನೇ ವಾರಕ್ಕೆ ಉಳಿದಿದ್ದು ಆರು ಮಕ್ಕಳು, ಅದ್ರಲ್ಲಿ ನಾಲ್ಕು ಪೇಟೆಯವು. ನಮ್ಮ ಕಡೆ ಒಂಟಿ ಮನೆಗಳು, ಒಂದು ಮನೆಯಿಂದ ಇನ್ನೊಂದು ಮನೆಗೆ ಒಂದು ತೋಟ ಒಂದು ಗುಡ್ಡ ಅಡ್ಡ. ವಿಡಿಯೋ ಡೌನ್‌ಲೋಡ್ ಆಗ್ಬೇಕಂದ್ರೆ ಮಗು ಗುಡ್ಡದ ನೆತ್ತಿಗೆ ಹತ್ತಬೇಕು, ಅಲ್ಲಿ ಹತ್ತಿದ ಮೇಲೆ ಅದು ನಮ್ಮ ವಿಡಿಯೋ ಯಾಕೆ ನೋಡತ್ತೆ, ಕ್ರಿಕೆಟ್ ಕಾಮಿಡಿ ನೋಡತ್ತೆ. ನೋಡಿದವರಾದ್ರೂ ಮಾಡಿದ್ರಾ? "ಚೆನ್ನಾಗಿತ್ತು ಅಣ್ಣ" ಅಂತ ಒಂದು ಹೆಬ್ಬೆಟ್ಟು ಹಾಕಿ ಸುಮ್ನಾಗ್ತಿದ್ರು. ಆ ಹೆಬ್ಬೆಟ್ಟು ನೋಡಿದ್ರೆ ನಂಗೆ ಈಗ್ಲೂ ಸಿಟ್ಟು ಬರತ್ತೆ.

2021ರ ಏಪ್ರಿಲಲ್ಲಿ ಎದುರು ಬದುರು ಕೂತೇ ಮಾಡಣ ಅಂತ ಒಂದು ಸಭಾಭವನ ಮಾತಾಡಿದ್ವಿ. ಶಾಮಿಯಾನ, ಟೆಂಪೋ, ಅಕ್ಕಿ ಬೇಳೆ ಅಂತ ಒಂಬತ್ತು ಸಾವಿರ ಅಡ್ವಾನ್ಸ್. ಶಿಬಿರ 26ನೇ ತಾರೀಖು ಸೋಮವಾರ ಶುರು ಆಗ್ಬೇಕಿತ್ತು. ಅದ್ರ ಹಿಂದಿನ ವಾರನೇ ನೈಟ್ ಕರ್ಫ್ಯೂ, ಆಮೇಲೆ ವೀಕೆಂಡ್ ಕರ್ಫ್ಯೂ, ಗುಂಪು ಸೇರಂಗಿಲ್ಲ ಅಂತ ಆರ್ಡರ್. ಶಿಬಿರ ಕ್ಯಾನ್ಸಲ್. ಒಂಬತ್ತರಲ್ಲಿ ವಾಪಸ್ ಬಂದಿದ್ದು ನಾಲ್ಕು ಸಾವಿರ, ಅಕ್ಕಿ ಬೇಳೆನ ಕೆಲಸ ಇಲ್ದೆ ಕೂತಿದ್ದ ಮನೆಗಳಿಗೆ ಕೊಟ್ವಿ.

ಈಗ ನಿಜವಾದ ವಿಷಯಕ್ಕೆ ಬರ್ತೀನಿ.

ಶಿಬಿರದ ಎರಡನೇ ದಿನಕ್ಕೆ ಶೂನ್ಯ ನೆರಳಿನ ದಿನ ಇಟ್ಕಂಡಿದ್ವಿ. ನಮ್ಮ ಅಕ್ಷಾಂಶಕ್ಕೆ ಏಪ್ರಿಲ್ 26-27ಕ್ಕೆ ಸೂರ್ಯ ಸರಿಯಾಗಿ ನೆತ್ತಿ ಮೇಲೆ ಬರ್ತಾನೆ, ನೆಟ್ಟಗೆ ನಿಂತಿದ್ದರ ನೆರಳು ಅದ್ರ ಅಡಿಗೇ ಹೋಗತ್ತೆ, ಆಮೇಲೆ ಆಗಸ್ಟಲ್ಲಿ ಇನ್ನೊಂದ್ಸಲ ಬರ್ತಾನೆ ಆದ್ರೆ ಆಗಸ್ಟಲ್ಲಿ ಮಲೆನಾಡಲ್ಲಿ ಸೂರ್ಯನ್ನ ಯಾರು ನೋಡಿದಾರೆ. ಏಪ್ರಿಲ್ ಬಿಟ್ರೆ ಒಂದು ವರ್ಷ ಹೋಯ್ತು. ನಂಗೆ ಮನಸ್ಸು ತಡೀಲಿಲ್ಲ. 27ನೇ ತಾರೀಖು ಮಂಗಳವಾರ, ಅವತ್ತೇ ರಾತ್ರಿ 9 ಗಂಟೆಯಿಂದ ಇಡೀ ರಾಜ್ಯಕ್ಕೆ ಹದಿನಾಲ್ಕು ದಿನದ ಕರ್ಫ್ಯೂ, ಅಂಗಡಿಗಳ ಮುಂದೆ ಜನವೋ ಜನ, ನಾನು ಬೆಳಿಗ್ಗೆಯಿಂದ ಮಕ್ಕಳ ಮನೆಗೆ ಒಂದೊಂದಾಗಿ ಫೋನ್ ಮಾಡ್ತಾ ಕೂತಿದ್ದೆ. ಅಂಗಳದಲ್ಲಿ ಮಟ್ಟದ ಜಾಗ ನೋಡಿ ಒಂದು ಬಾಟ್ಲಿ ನೆಟ್ಟಗೆ ನಿಲ್ಸು, ಹನ್ನೆರಡು ಇಪ್ಪತ್ತಕ್ಕೆ ಅಪ್ಪನ ಫೋನ್ ಹಿಡ್ಕಂಡು ಬಾಟ್ಲಿ ಪಕ್ಕ ನಿಂತಿರು ಅಂತ. ಐದು ಮಕ್ಕಳನ್ನ ಕಾನ್ಫರೆನ್ಸ್ ಕಾಲಲ್ಲಿ ಸೇರಿಸ್ದೆ. ನಮ್ಮ ರೇಖಾಂಶಕ್ಕೆ ಮಧ್ಯಾಹ್ನ ಅಂದ್ರೆ 12 ಅಲ್ಲ, ಅವತ್ತಿನ ಲೆಕ್ಕಕ್ಕೆ 12:27.

ನಂಗೆ ಎಂತದೂ ಕಾಣ್ತಿಲ್ಲ. ಅದಕ್ಕೆ ಕೇಳ್ಲೇಬೇಕಾಯ್ತು: ಎಂತ ಕಾಣ್ತಿದೆ ಹೇಳು. ಒಬ್ಬ ಅಂದ, ನೆರಳು ಸಣ್ಣ ಆಯ್ತು. ಎಷ್ಟು ಸಣ್ಣ? ಹೆಬ್ಬೆರಳಷ್ಟು. ಯಾವ ಕಡೆಗಿದೆ? ಕೊಟ್ಟಿಗೆ ಕಡೆ. ಕೊಟ್ಟಿಗೆ ಯಾವ ದಿಕ್ಕು? ಅವ್ನಿಗೆ ಗೊತ್ತಿಲ್ಲ, ಒಳಗೆ ಓಡಿ ಅಜ್ಜಿನ ಕೇಳ್ಕಂಡು ಬಂದ. ಹತ್ತನೇ ಕ್ಲಾಸಿಗೆ ಹೋಗ್ಬೇಕಿದ್ದ ಒಂದು ಹುಡುಗಿ ಇದ್ಲು, ಅವ್ಳು "ಅಣ್ಣ, ನೆರಳು ಬಾಟ್ಲಿ ಅಡಿಗೇ ಹೋಯ್ತು" ಅಂತ ಕೂಗಿದ್ಲು. ಒಂದು ನಿಮಿಷ ಬಿಟ್ಟು, "ಆದ್ರೆ ಅಂಗಳದ ಅಂಚಿನ ಅಡಿಕೆ ಮರದ ನೆರಳು ಹೋಗ್ಲೇ ಇಲ್ಲ, ಯಾಕೆ?" ಅಂದ್ಲು.

ಹಿಂದಿನ ವರ್ಷ ನಾವು ವಿಡಿಯೋ ಮಾಡಿ ಹಾಕಿದ್ರಲ್ಲಿ ಒಂದು ಮಗುನೂ ಇಂತ ಪ್ರಶ್ನೆ ಕೇಳಿರಲಿಲ್ಲ.

ಮರ ವಾಲಿದೆ, ಅಷ್ಟೇ. ಸೂರ್ಯ ನೆತ್ತಿ ಮೇಲಿರುವಾಗ ವಾಲಿದ ಮರದ ಬುಡದಿಂದ ಅದ್ರ ತಲೆಯ ನೆರಳಿನ ತನಕ ಅಳೆದ್ರೆ ತುದಿ ಬುಡದಿಂದ ಎಷ್ಟು ಆಚೆ ಹೋಗಿದೆ ಅನ್ನೋದು ನೇರವಾಗಿ ಸಿಗತ್ತೆ, ತ್ರಿಕೋನಮಿತಿ ಬೇಡ ಎಂತದೂ ಬೇಡ. ಅಳಿ ಅಂದೆ. ಮೂರು ಅಡಿ. ಯಾವ ಕಡೆ? ಮನೆ ಮಾಡಿನ ಕಡೆ. ಅವರಪ್ಪ ಪಕ್ಕದಲ್ಲೇ ನಿಂತಿದ್ರು, ಅವರ ಧ್ವನಿ ನಂಗೆ ಕೇಳ್ತು: "ಹೌದನಾ, ಅಷ್ಟು ವಾಲಿದ್ಯಾ?"

ಅವತ್ತು ರಾತ್ರಿ ನಿದ್ದೆ ಬರ್ಲಿಲ್ಲ. ನಂಗೆ ಕಾಣಲ್ಲ ಅನ್ನೋದೇ ಲಾಭ ಅಂತ ಹೊಳೆದಿದ್ದು ಅವಾಗ. ಎದುರಿಗಿದ್ರೆ ನಾವೇ ಬೆರಳು ತೋರ್ಸಿ ನೋಡು ನೆರಳು ಹೋಯ್ತು ಅಂದ್ಬಿಡ್ತೀವಿ, ಮಗು ಹೂಂ ಅನ್ನತ್ತೆ, ಮುಗೀತು. ಫೋನಲ್ಲಿ ಮಗು ನೋಡಿ, ಅದನ್ನ ಮಾತಲ್ಲಿ ಹೇಳ್ದಿದ್ರೆ ಪ್ರಯೋಗ ಮುಂದಕ್ಕೇ ಹೋಗಲ್ಲ. ನೋಡೋ ಕೆಲಸ ಪೂರ್ತಿ ಮಗುದು, ಕೇಳೋ ಕೆಲಸ ನಮ್ದು. ಇದನ್ನೇ ಶಿಬಿರ ಮಾಡ್ಬಿಡಣ ಅಂತ ತೀರ್ಮಾನ ಆಯ್ತು.

ಮೇ 10ರಿಂದ ಲಾಕ್‌ಡೌನ್ ಇನ್ನೂ ಬಿಗಿ ಆಯ್ತು, ಬೆಳಿಗ್ಗೆ 6ರಿಂದ 10 ಗಂಟೆ ಮಾತ್ರ ಅಂಗಡಿ. ಮಕ್ಕಳ ಕೈಗೆ ಸಾಮಾನು ತಲುಪಿಸೋದು ಹೆಂಗೆ? ಹಾಲು. ಏನೇ ಬಂದ್ ಆದ್ರೂ ಹಾಲಿನ ಸೊಸೈಟಿಗೆ ಹಾಲು ಹಾಕೋದು ನಿಲ್ಲಲ್ಲ, ಪ್ರತಿ ಮನೆಯಿಂದ ಒಬ್ರು ಬಂದೇ ಬರ್ತಾರೆ. ಡಬ್ಬಿ ಕಟ್ಟಿ ಸೊಸೈಟಿ ಜಗಲಿ ಮೇಲೆ ಹೆಸರು ಬರೆದು ಇಟ್ವಿ, ಹಾಲಿನ ಕ್ಯಾನ್ ತಂದವರು ಡಬ್ಬಿ ತಗಂಡು ಹೋದ್ರು. ಮನೇಲಿ ಒಂದು ದಿನ ಬಿಸಿಲಿಗಿಟ್ಟು ಆಮೇಲೆ ತೆಗೀರಿ ಅಂತ ಚೀಟಿ. ಯಾರ ಮನೆಗೂ ನಾವು ಕಾಲಿಡ್ಲಿಲ್ಲ, ಅದ್ರಲ್ಲಿ ನಾನು ತುಂಬಾ ಕಟ್ಟುನಿಟ್ಟು.

ಡಬ್ಬಿ ಅಂದ್ರೆ ಐಸ್‌ಕ್ರೀಮ್ ಡಬ್ಬಿ. ಒಳಗೆ ದಾರ, ಎರಡು ಸೈಜಿನ ನಟ್ಟು, ಅಳತೆ ಪಟ್ಟಿ, ಕನ್ನಡಿ ಚೂರು (ಅಂಚಿಗೆ ಟೇಪ್ ಸುತ್ತಿ), ಹಳೇ ಸ್ಪೀಕರಿನ ಅಯಸ್ಕಾಂತ, ಎರಡು ಎಲ್‌ಇಡಿ, ಒಂದು ಗುಂಡಿ ಸೆಲ್ಲು, ಸೂಜಿ ಇಲ್ಲದ ಸಿರಿಂಜು ಎರಡು, ಪೈಪು, ಅರಿಶಿನ ಹಚ್ಚಿ ಒಣಗಿಸಿದ ಪೇಪರು. ಒಂದಕ್ಕೆ 130 ರೂಪಾಯಿ ಬಿತ್ತು. 50 ಡಬ್ಬಿಗೆ ಆರೂವರೆ ಸಾವಿರ. ವ್ಯಾಲಿಡಿಟಿ ಮುಗ್ದಿದ್ದ ಮನೆಗಳಿಗೆ ರೀಚಾರ್ಜ್ ಒಂದೂವರೆ ಸಾವಿರ, ಪೆಟ್ರೋಲು ಎರಡೂವರೆ, ಇನ್ನೊಂದು ಸಾವಿರ ಎಲ್ಲಿ ಹೋಯ್ತೋ ನೆನಪಿಲ್ಲ. ಒಟ್ಟು ಹನ್ನೊಂದೂವರೆ ಸಾವಿರದ ಹತ್ರ, ಅಂದ್ರೆ ಒಂದು ಮಗುಗೆ ಐದು ವಾರಕ್ಕೆ 260 ರೂಪಾಯಿ. ಇದಕ್ಕಿಂತ ಕಡಿಮೇಲಿ ಯಾರಾದ್ರೂ ಮಾಡಿದ್ರೆ ಹೇಳಿ. ಇಪ್ಪತ್ತೈದು ಸಾವಿರ ಕೊಡ್ತೀವಿ ಅಂತ ಮುಂದೆ ಬಂದಿದ್ದ ಒಂದು ಸಂಸ್ಥೆ, ದಿನಾ ಮಕ್ಕಳ ಸ್ಕ್ರೀನ್‌ಶಾಟ್ ಕಳಿಸ್ಬೇಕು ಅಂತು. ವಾಯ್ಸ್ ಕಾಲಿಗೆ ಎಂತ ಸ್ಕ್ರೀನ್‌ಶಾಟ್? ಹಾಜರಿ ಪಟ್ಟಿ ಕಳಿಸ್ತೀವಿ ಅಂದ್ವಿ, ಒಪ್ಪಲಿಲ್ಲ, ದುಡ್ಡೂ ಬರ್ಲಿಲ್ಲ. ಕೊನೆಗೆ ಅಡಿಕೆ ರೇಟು ಚೆನ್ನಾಗಿದ್ದ ಕಾರಣ ನಮ್ಮೂರಿನ ಮೂರು ಜನ ಬೆಳೆಗಾರರೇ ಕೊಟ್ರು.

ಕಾನ್ಫರೆನ್ಸ್ ಕಾಲಲ್ಲಿ ನಮ್ಮನ್ನ ಬಿಟ್ಟು ಐದೇ ಜನ ಸೇರ್ಸಕ್ಕಾಗೋದು, ಹಂಗಾಗಿ ಒಬ್ಬ ವಾಲಂಟಿಯರಿಗೆ ಐದು ಮಕ್ಕಳು. ಇದೂ ಒಳ್ಳೇದೇ ಆಯ್ತು, ಐದರಲ್ಲಿ ಒಬ್ಬ ಸುಮ್ನಿದ್ರೆ ತಕ್ಷಣ ಗೊತ್ತಾಗತ್ತೆ. ಟೂಜಿ ಸಿಗ್ನಲ್ ಎರಡು ಕಡ್ಡಿ ಇದ್ರೆ ಸಾಕು. ಟೈಮ್ ಮಾತ್ರ ತಲೆನೋವು, ಫೋನ್ ಇರೋದು ಅಪ್ಪನ ಹತ್ರ, ಅಪ್ಪ ತೋಟದಿಂದ ಬರೋದು ಆರರ ಮೇಲೆ, ಏಳೂವರೆ ಆದ್ರೆ ಜೀರುಂಡೆ ಗಲಾಟೆಗೆ ಧ್ವನಿನೇ ಕೇಳಲ್ಲ. ಆರೂವರೆಯಿಂದ ಏಳೂ ಕಾಲು ಅಂತ ಫಿಕ್ಸ್ ಮಾಡಿದ್ವಿ. ಬಿಸಿಲು ಬೇಕಾದ ಪ್ರಯೋಗ ಇದ್ರೆ ಮಕ್ಕಳು ಹಗಲೇ ಮಾಡಿಟ್ಕಂಡು ಸಂಜೆ ವರದಿ. ಪ್ರತಿ ಕಾಲಿನ ಕೊನೇಲಿ ನಾಳೆಗೆ ಮಕ್ಕಳು ತಾವಾಗೇ ಕಾಯ್ತಾ ಕೂರೋ ಹಂಗೆ ಒಂದು ಕೆಲಸ ಮಾಡ್ತಿದ್ವಿ, ಅದು ಎಂತ ಅಂತ ಇಲ್ಲಿ ಬರೆಯಲ್ಲ, ನಮ್ಮ ಜೊತೆ ಬಂದು ವಾಲಂಟಿಯರ್ ಆಗೋರಿಗೆ ಹೇಳ್ತೀನಿ.

ಮೊದಲನೇ ವಾರ ಲೋಲಕ. ಎಲ್ರಿಗೂ ಗೊತ್ತಿರೋದೇ, ಒಂದು ಮೀಟರ್ ದಾರಕ್ಕೆ ನಟ್ಟು ಕಟ್ಟಿ ಹತ್ತು ಸಲ ಹೋಗಿ ಬರೋದನ್ನ ಎಣಿಸೋದು. ನಮ್ಮ ವಾಲಂಟಿಯರ್ ಫೋನಲ್ಲಿ ಸೆಕೆಂಡ್ ಎಣಿಸ್ತಾಳೆ, ಮಕ್ಕಳು ಹತ್ತಾಯ್ತು ಅಂತ ಕೂಗ್ಬೇಕು. ನಾಲ್ಕು ಮನೆಯಿಂದ 20ಕ್ಕೆ ಸರಿಯಾಗಿ "ಹತ್ತಾಯ್ತು!" ಅಂತ ಒಟ್ಟಿಗೆ ಕೂಗು ಬಂತು. ನಾಲ್ಕು ಗುಡ್ಡ, ನಾಲ್ಕು ಅಂಗಳ, ಒಂದೇ ಉತ್ತರ, ಮಕ್ಕಳಿಗೆ ಮೈ ಜುಮ್ ಅಂತು. ಐದನೇ ಹುಡುಗ ಕೂಗಿದ್ದು 22ಕ್ಕೆ. ಪಾಪ ತಪ್ಪು ಎಣಿಸಿದೆ ಅಂತ ಅಳೋ ಹಂಗಾದ. ವಾಲಂಟಿಯರ್ ಹುಡುಗಿ ಒಂದು ನಿಮಿಷ ಲೆಕ್ಕ ಹಾಕಿ "ನೀನು ಎಣಿಸಿದ್ದು ಸರಿ ಇದೆ, ನಿನ್ನ ದಾರ ಹತ್ರ ಹತ್ರ ಒಂದು ಗೇಣು ಜಾಸ್ತಿ ಉದ್ದ ಇದೆ, ಅಳೆದು ನೋಡು" ಅಂದ್ಲು. ಅಳೆದ. 120 ಸೆಂಟಿಮೀಟರ್. ಕಾಣದೆ ಹೆಂಗೆ ಹೇಳಿದ್ರಿ ಅಕ್ಕ ಅಂತ ಆ ಹುಡುಗ ಎರಡು ದಿನ ಕೇಳ್ತಾ ಇದ್ದ, ಸೂತ್ರನ ಅವ್ನಾಗೇ ಕೇಳಿ ಬರ್ಕಂಡ. ಆರನೇ ಕ್ಲಾಸಿನ ಹುಡುಗ ವರ್ಗಮೂಲ ಬರ್ಕಂಡ, ಇದನ್ನ ನಾನು ಎಲ್ಲಿ ಬೇಕಾದ್ರೂ ಎದೆ ತಟ್ಟಿ ಹೇಳ್ತೀನಿ.

ಮೇ ಮಧ್ಯದಲ್ಲಿ ತೌಕ್ತೆ ಚಂಡಮಾರುತ ಬಂತು. ಕರೆಂಟ್ ಹೋಯ್ತು, ಟವರಿನ ಬ್ಯಾಟ್ರಿ ಖಾಲಿ, ನಾಲ್ಕು ದಿನ ಯಾರಿಗೂ ಫೋನ್ ಹೋಗ್ಲಿಲ್ಲ. ಶಿಬಿರ ಇಲ್ಲಿಗೆ ಮುಗೀತು ಅಂತ್ಲೇ ಅಂದ್ಕಂಡಿದ್ವಿ. ಲೈನ್ ಬಂದ ಮೇಲೆ ನೋಡಿದ್ರೆ ಹದಿನೈದಿಪ್ಪತ್ತು ಮಕ್ಕಳು ಮಳೆ ಅಳೆದು ಇಟ್ಟಿದ್ರು, ನಾವು ಹೇಳಿರಲಿಲ್ಲ. ನಮ್ಮ ಕಡೆ ತೋಟದವರ ಮನೇಲಿ ಮಳೆ ಇಂಚಲ್ಲಿ ಬರೆದಿಡೋ ಅಭ್ಯಾಸ ಇದ್ದೇ ಇದೆ, ಮಕ್ಕಳು ಅದನ್ನೇ ನೋಡಿ ಕೈಗೆ ಸಿಕ್ಕಿದ್ದೆಲ್ಲ ಇಟ್ಟಿದಾರೆ. ಬಾಟ್ಲಿ ಕತ್ತರಿಸಿ ಇಟ್ಟವರದ್ದು ಹಿರಿಯರ ಮಾಪಕಕ್ಕೆ ಹೊಂದಿತ್ತು, ಬಕೆಟ್ ಇಟ್ಟವರದ್ದು ಎಲ್ಲ ಜಾಸ್ತಿ. ಯಾಕೆ ಜಾಸ್ತಿ ಅಂತ ಮೂರು ದಿನ ಚರ್ಚೆ. ಚಿಮ್ಮಿ ಬಿದ್ದ ನೀರು, ಮಾಡಿನ ನೀರು, ಏನೇನೋ ಹೇಳಿದ್ರು. ಕೊನೆಗೆ ಒಬ್ಳು ಬಕೆಟಿನ ಬಾಯಿ ಅಳೆದು ತಳ ಅಳೆದು ಹೇಳಿದ್ಲು: ಬಾಯಿ ಅಗಲ, ತಳ ಕಿರಿದು, ಅಗಲದಲ್ಲಿ ಹಿಡಿದ ನೀರು ಕಿರಿದಲ್ಲಿ ಕೂತ್ರೆ ಎತ್ತರ ಜಾಸ್ತಿನೇ ಕಾಣ್ಬೇಕಲ್ದಾ. ನಾವು ಬಾಯಿ ಬಿಟ್ಟಿರಲಿಲ್ಲ. ತಡ್ಕಂಡಿರೋದು ಎಷ್ಟು ಕಷ್ಟ ಅಂತ ಹೊಸ ವಾಲಂಟಿಯರ್ಸಿಗೆ ಗೊತ್ತಾಗಿದ್ದೂ ಅವಾಗ್ಲೇ.

ಹಂಚಿನ ತೂತಿಂದ ಬೀಳೋ ಬೆಳಕಿನ ಬಿಲ್ಲೆ ನಮ್ಮ ಮನೆಗಳಲ್ಲಿ ಎಲ್ರೂ ನೋಡಿರ್ತಾರೆ. ಅದು ತೂತಿನ ಆಕಾರ ಅಲ್ಲ, ಸೂರ್ಯನ ಬಿಂಬ. ತೂತು ಚೌಕ ಇದ್ರೂ ಬಿಲ್ಲೆ ದುಂಡಗೇ ಬೀಳತ್ತೆ, 2020ರ ಜೂನ್ 21ರ ಗ್ರಹಣದ ದಿನ ಮೋಡ ಸರಿದಾಗ ಎರಡು ನಿಮಿಷ ನಮ್ಮ ಅಟ್ಟದಲ್ಲೆಲ್ಲ ಕುಡುಗೋಲಿನ ಆಕಾರದ ಬಿಲ್ಲೆ ಬಿದ್ದಿದ್ದು ನಂಗೆ ನೆನಪಿತ್ತು. ಮಕ್ಕಳಿಗೆ ತೂತಿಂದ ಬಿಲ್ಲೆ ತನಕ ದೂರ ಅಳಿ, ಬಿಲ್ಲೆ ಅಗಲ ಅಳಿ ಅಂದ್ವಿ. ಒಬ್ಬನಿಗೆ ದೂರ 330 ಸೆಂಟಿಮೀಟರ್, ಬಿಲ್ಲೆ 3. ಅಂದ್ರೆ ದೂರದ 110ರಲ್ಲಿ ಒಂದು ಪಾಲು. ಸೂರ್ಯ 15 ಕೋಟಿ ಕಿಲೋಮೀಟರ್ ದೂರ, 110ರಿಂದ ಭಾಗಿಸಿದ್ರೆ ಹದಿಮೂರೂವರೆ ಲಕ್ಷ ಚಿಲ್ರೆ. ಪುಸ್ತಕದಲ್ಲಿ ಸೂರ್ಯನ ವ್ಯಾಸ 13.9 ಲಕ್ಷ. ಹಂಚಿನ ಮನೆ ಒಳಗೆ ಸ್ಕೇಲ್ ಹಿಡ್ಕಂಡು ಸೂರ್ಯನ್ನ ಅಳೆದ ಹುಡುಗ! ಇನ್ನೊಬ್ಬನಿಗೆ 16 ಲಕ್ಷ ಬಂತು, ತೂತು ದೊಡ್ಡದಿತ್ತು, ತೂತಿನ ಅಗಲ ಅರ್ಧ ಸೆಂಟಿಮೀಟರ್ ಕಳೆದ್ರೆ ಸರಿ ಹೋಯ್ತು. ಆರ್‌ಸಿಸಿ ಮನೆ ಮಕ್ಕಳು ಬೇಜಾರು ಮಾಡ್ಕಂಡ್ರು, ಅವಕ್ಕೆ ಕೊಟ್ಟಿಗೆಗೆ ಹೋಗಿ ಅಳೀರಿ ಅಂದ್ವಿ.

ಬಣ್ಣದ ಪ್ರಯೋಗ ಫೋನಲ್ಲಿ ಆಗಲ್ಲ ಅಂತ ಎಲ್ರೂ ಅಂದಿದ್ರು. ಮುರುಗಲು (ಕೋಕಂ) ಹಣ್ಣಿನ ಸೀಸನ್ನು, ಅದ್ರ ರಸಕ್ಕೆ ಸುಣ್ಣದ ತಿಳಿ ನೀರು ಹಾಕಿದ್ರೆ ಕೆಂಪು ಹೋಗತ್ತೆ. ಎಂತ ಬಣ್ಣ ಆಯ್ತು ಅಂದ್ರೆ ಒಬ್ಬ ನೀಲಿ ಅಂತಾನೆ ಒಬ್ಳು ಹಸಿರು ಅಂತಾಳೆ ಇನ್ನೊಬ್ಬ ಕಪ್ಪು ಅಂತಾನೆ. ಜಗಳನೇ ಆಯ್ತು. ಆಮೇಲೆ ರೂಲ್ ಮಾಡಿದ್ವಿ, ಬಣ್ಣದ ಹೆಸರು ಹೇಳಂಗಿಲ್ಲ, ಯಾವುದ್ರ ಹಂಗಿದೆ ಹೇಳಿ. "ನೇರಳೆ ಹಣ್ಣು ತಿಂದ ಮೇಲೆ ನಾಲಿಗೆ ಇರತ್ತಲ್ಲ, ಆ ತರ." ಎಲ್ರಿಗೂ ತಕ್ಷಣ ಕಣ್ಣಿಗೆ ಬಂತು. ಇನ್ನೊಂದು ಹನಿ ಸುಣ್ಣಕ್ಕೆ "ಕೆರೆ ಪಾಚಿ ತರ." ಹಿಂಗೆ ಹನಿ ಲೆಕ್ಕದಲ್ಲಿ ಪಟ್ಟಿ ಮಾಡಿದ್ರು, ಆ ಪಟ್ಟಿ ನನ್ನ ಹತ್ರ ಇನ್ನೂ ಇದೆ. ಇದ್ರ ಮಧ್ಯ ನಾನು ಅಡಿಕೆ ಚೊಗರಿಗೆ (ಅಡಿಕೆ ಬೇಯಿಸಿದ ಕೆಂಪು ನೀರು) ತುಕ್ಕು ಮೊಳೆ ನೆನೆಸಿದ ಲಿಂಬೆ ರಸ ಹಾಕಿ ಶಾಯಿ ಮಾಡಕ್ಕೆ ಹೋಗಿ ಒಂದು ವಾರ ಅದ್ರಲ್ಲೇ ಮುಳುಗಿದ್ದೆ, ಒಳ್ಳೇ ಕಪ್ಪು ಬರತ್ತೆ, ಅದ್ರ ಅಳತೆ ಇನ್ನೊಂದ್ಸಲ ಬರೀತೀನಿ.

ಎಲ್ಲ ಗೆದ್ದಿಲ್ಲ. ನೀರಿನ ಹನಿ ಸೂಕ್ಷ್ಮದರ್ಶಕ, ಅಂದ್ರೆ ಒಂದು ಹನಿ ನೀರನ್ನೇ ಲೆನ್ಸ್ ಮಾಡೋದು, ಮೊದಲ ಹದಿನೈದು ದಿನ ಯಾರಿಗೂ ಬರ್ಲಿಲ್ಲ, ಹನಿ ಜಾರಿ ಹೋಗ್ತಿತ್ತು. ಗಾಜಿನ ಮಣಿ ಲೆನ್ಸ್ ಮಾಡಿ ಕಳಿಸಣ ಅಂತ ಗ್ಯಾಸ್ ಒಲೆ ಮೇಲೆ ಗಾಜಿನ ಎಳೆ ಎಳೆದು ಎಳೆದು ಇಬ್ರು ಕೈ ಸುಟ್ಕಂಡ್ರು, ನಲವತ್ತರಲ್ಲಿ ಮೂರು ಸರಿ ಬಂತು, ಬಿಟ್ವಿ. ಫೋಲ್ಡ್‌ಸ್ಕೋಪ್ (ಕಾಗದ ಮಡಚಿ ಮಾಡೋ ಸೂಕ್ಷ್ಮದರ್ಶಕ) ಒಳ್ಳೇದು, ಆದ್ರೆ ನಲವತ್ನಾಲ್ಕು ತಗಳೋ ಶಕ್ತಿ ಇರ್ಲಿಲ್ಲ. ಆಮೇಲೆ ಹನಿ ಜಾರದಂಗೆ ಮಾಡೋ ಉಪಾಯ ಒಂದು ಸಿಕ್ತು, ಮನೇಲೇ ಇರೋ ವಸ್ತು, ಅದನ್ನ ನೀವೇ ಹುಡುಕಿ.

ಕಾಳುಮೆಣಸಿನ ಪುಡಿ ನೀರಿಗೆ ಉದುರಿಸಿ ಸೋಪಿನ ಬೆರಳು ಅದ್ದೋ ವಿಡಿಯೋ ಆ ವರ್ಷ ಎಲ್ರೂ ನೋಡಿದ್ರು, ನೋಡಿ ವೈರಸ್ ಓಡಿ ಹೋಯ್ತು ಅಂತ. ನಮ್ಮ ಶಿಬಿರದಲ್ಲಿ ಅದನ್ನ ಹಂಗೆ ಹೇಳಕ್ಕೆ ನಾನು ಬಿಡ್ಲಿಲ್ಲ. ಅದು ತೋರ್ಸೋದು ನೀರಿನ ಮೇಲ್ಮೈ ಸೆಳೆತ. ಕೊರೋನಾ ವೈರಸ್ಸಿನ ಹೊರಪದರ ಜಿಡ್ಡಿಂದು, ಸೋಪು ಆ ಜಿಡ್ಡನ್ನ ಬಿಡಿಸಿ ಹಾಕತ್ತೆ, ಅದಕ್ಕೆ ಹತ್ರದ ಪ್ರಯೋಗ ಅಂದ್ರೆ ಕೈಗೆ ಕೊಬ್ರಿ ಎಣ್ಣೆ ಹಚ್ಚಿ ಬರೀ ನೀರಲ್ಲಿ ತೊಳಿ, ಆಮೇಲೆ ಸೋಪಲ್ಲಿ ತೊಳಿ, ಎಷ್ಟು ಹೊತ್ತು ಬೇಕಾಯ್ತು ಹೇಳು. ತಮಾಷೆ ಕಡಿಮೆ, ಆದ್ರೆ ಸುಳ್ಳಿಲ್ಲ.

ಹಂಗೆ ಒಂದಿನ ಒಬ್ಬ ಹುಡುಗ ಕೇಳಿದ: "ಮಂಗನ ಕಾಯಿಲೆಗೂ ವೈರಸ್ಸೇ ಅಂತೀರಿ, ಮತ್ತೆ ಅದಕ್ಯಾಕೆ ಮಾಸ್ಕ್ ಹಾಕ್ಕಳಲ್ಲ?" ಅವತ್ತಿನ ಪ್ಲಾನ್ ಎಲ್ಲ ಬದಿಗಿಟ್ವಿ. ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಲ್ಲಿ 1957ರಲ್ಲಿ ಪತ್ತೆ ಆದ ಕಾಯಿಲೆ, ಜಗತ್ತೆಲ್ಲ ಅದನ್ನ ನಮ್ಮ ಜಿಲ್ಲೆಯ ಆ ಕಾಡಿನ ಹೆಸರಲ್ಲೇ ಕರೆಯೋದು. ಉಣ್ಣೆ ಹುಳ ಕಚ್ಚಿದ್ರೆ ಬರತ್ತೆ, ಮನುಷ್ಯರಿಂದ ಮನುಷ್ಯರಿಗೆ ಬರಲ್ಲ. ಮಂಗ ಸತ್ತ ಕಡೆ ಹೋಗ್ಬಾರದು, ಕಾಡಿಗೆ ಹೋಗೋರು ಎಣ್ಣೆ ಹಚ್ಕಬೇಕು ಅನ್ನೋದು ನಮ್ಮ ಮಕ್ಕಳಿಗೆ ಹುಟ್ಟಿದಾಗಿಂದ ಗೊತ್ತು. ಹರಡೋ ದಾರಿ ಬೇರೆ ಆದ್ರೆ ತಡೆಯೋ ದಾರಿನೂ ಬೇರೆ ಅಂತ ಮಕ್ಕಳೇ ಮಾತಾಡಿ ಮಾತಾಡಿ ಹತ್ರಕ್ಕೆ ಬಂದ್ರು. ಅವತ್ತಿನ ಕಾಲ್ ಒಂದೂ ಕಾಲು ಗಂಟೆ ಹೋಯ್ತು. ಇದೇ ಕಾರಣಕ್ಕೆ ಬೇಸಿಗೇಲಿ ಮಕ್ಕಳನ್ನ ಕಾಡಿಗೆ ಕರ್ಕಂಡು ಹೋಗಣ ಅನ್ನೋ ವಾಲಂಟಿಯರ್ಸಿಗೆ ನಾನು ಈಗ್ಲೂ ಬೇಡ ಅಂತೀನಿ, ಮೇ ತನಕ ಉಣ್ಣೆ ಕಾಟ ಇರತ್ತೆ, ಗುಡಿಸಿದ ಅಂಗಳ ಸಾಕು.

ಆ ತಿಂಗಳು ನಮಗೂ ಸುಲಭ ಇರ್ಲಿಲ್ಲ. ಇಬ್ರು ವಾಲಂಟಿಯರ್ಸಿಗೆ ಕೊರೋನಾ ಬಂತು, ಒಬ್ಳ ಅಜ್ಜಿ ಹೋದ್ರು. ಮೂರು ದಿನ ಅವ್ಳ ಮಕ್ಕಳಿಗೆ ನಾನು ಕಾಲ್ ಮಾಡ್ದೆ. ನಾಲ್ಕನೇ ದಿನ ಅವ್ಳೇ "ಇವತ್ತು ನಾನು ಮಾಡ್ತೀನಿ, ಅವ್ರ ಜೊತೆ ಮಾತಾಡಿದ್ರೆ ಸಮಾಧಾನ" ಅಂದ್ಲು.

ಜೂನಲ್ಲಿ ಬೋರ್ಡೋ ದ್ರಾವಣದ ಟೈಮು, ಅಡಿಕೆ ಕೊಳೆ ರೋಗಕ್ಕೆ ಹೊಡೆಯೋ ಔಷಧಿ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ ಒಂದು ಕೆಜಿ ಸುಣ್ಣ, ಅಡಿಕೆ ತೋಟ ಇರೋರಿಗೆ ಹೇಳೋದೇ ಬೇಡ. ಒಬ್ಬ ಹುಡುಗ ಅಪ್ಪ ಕತ್ತಿ ಅದ್ದಿ ನೋಡೋದನ್ನ ನಮಗೆ ವರದಿ ಮಾಡಿದ, ಕತ್ತಿಗೆ ಕೆಂಪು ಹತ್ತಿದ್ರೆ ಸುಣ್ಣ ಸಾಲ್ದು ಅಂತ. ನಮ್ಮ ಇಂಜಿನಿಯರಿಂಗ್ ವಾಲಂಟಿಯರಿಗೆ ಇದು ಗೊತ್ತೇ ಇರ್ಲಿಲ್ಲ! ದ್ರಾವಣದಲ್ಲಿ ಮಿಕ್ಕಿರೋ ತಾಮ್ರ ಕಬ್ಬಿಣದ ಮೇಲೆ ಬಂದು ಕೂರೋದು, ಪುಸ್ತಕದ ಸ್ಥಾನಪಲ್ಲಟ ಕ್ರಿಯೆ ಅದೇ. ಎಸ್ಸೆಸ್ಸೆಲ್ಸಿಗೆ ಬರತ್ತಾ ಅಂತ ದಿನಾ ಕೇಳ್ತಿದ್ದ ಅಪ್ಪಂದಿರು ಅವತ್ತು ಫೋನ್ ಕಿತ್ಕಂಡು ತಾವೇ ಮಾತಾಡಿದ್ರು.

2022ರ ಏಪ್ರಿಲಲ್ಲಿ ಎದುರು ಬದುರು ಶಿಬಿರ ಮಾಡಿದ್ವಿ, ಅಂಗಳದಲ್ಲಿ, ಐದೈದು ಮಕ್ಕಳ ಗುಂಪು. ಫೋನ್ ಬೇಕಾಗಿರ್ಲಿಲ್ಲ, ಆದ್ರೂ ರೂಲ್ ಬಿಡ್ಲಿಲ್ಲ: ಪ್ರಯೋಗ ನಡೆಯೋವಾಗ ವಾಲಂಟಿಯರ್ ಮಕ್ಕಳಿಗೆ ಬೆನ್ನು ಹಾಕಿ ಕೂರ್ಬೇಕು, ತಿರುಗಿ ನೋಡಂಗಿಲ್ಲ, ಕೇಳ್ಬೇಕು. ನೋಡಕ್ಕೆ ಬಂದಿದ್ದ ಮೇಷ್ಟ್ರೊಬ್ರು ಇದೆಂತ ಅವತಾರ ಅಂದ್ರು, ಸಂಜೆ ತನಕ ಕೂತು ನೋಡಿ ತಮ್ಮ ಶಾಲೆಗೆ ಹತ್ತು ಡಬ್ಬಿ ಬೇಕು ಅಂದ್ರು.

ಅಡಿಕೆ ಮರದ ಹುಡುಗಿ ಅಷ್ಟೊತ್ತಿಗೆ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ನಮ್ಮ ಜೊತೆ ವಾಲಂಟಿಯರ್ ಆಗಿದ್ಲು. ಏಪ್ರಿಲ್ 27ಕ್ಕೆ ಅವ್ಳ ಮನೆ ಅಂಗಳದಲ್ಲೇ ಗುಂಪು, ಅವ್ಳು ಬೆನ್ನು ಹಾಕಿ ಕೂತು ಎಂತ ಕಾಣ್ತಿದೆ, ಯಾವ ದಿಕ್ಕು, ಎಷ್ಟು ಅಂತ ಕೇಳ್ತಿದ್ಲು, ಮಕ್ಕಳು ಟೇಪ್ ಹಿಡ್ಕಂಡು ಅದೇ ಮರದ ನೆರಳು ಅಳೆದ್ರು. ಹಿಂದಿನ ವರ್ಷ ಮೂರಡಿ ಇದ್ದಿದ್ದು ಮೂರೂವರೆ ದಾಟಿತ್ತು, ತೌಕ್ತೆ ಗಾಳಿಗೆ ಇರಬೇಕು. ಮಳೆಗಾಲಕ್ಕೆ ಮುಂಚೆ ಅವರಪ್ಪ ಆ ಮರ ಕಡಿಸಿದ್ರು.